ಲಿಟಲ್ ವಾಲ್ಟರ್ ಅವರ ಹಾರ್ಮೋನಿಕಾಕ್ಕೆ ಆ ನಾದ ಬಂದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಬ್ಲೂಸ್ (ಅಲ್ಲಿನ ಕಪ್ಪು ಜನರ ಸಂಗೀತ ಪ್ರಕಾರ) ಹಾರ್ಮೋನಿಕಾ ವಾದಕ ಲಿಟಲ್ ವಾಲ್ಟರ್ 1952ರಲ್ಲಿ ಧ್ವನಿಮುದ್ರಿಸಿದ ‘ಜೂಕ್’ ಎಂಬ ವಾದ್ಯಕೃತಿ ಕೇಳಿದೆ. ಅಂಗೈಯಲ್ಲಿ ಅಡಗುವ ಮೌತ್ ಆರ್ಗನ್ನಿನಿಂದ ಸ್ಯಾಕ್ಸೋಫೋನಿನಷ್ಟು ತುಂಬಿದ ನಾದ ಹೊರಟದ್ದು ಹೇಗೆ? ಅವರ ಜೀವನದ ಬಗ್ಗೆಯೂ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಅವರು ಮೈಕನ್ನು ವಾದ್ಯದೊಂದಿಗೇ ಎರಡೂ ಅಂಗೈಗಳ ನಡುವೆ ಬಿಗಿಯಾಗಿ ಮುಚ್ಚಿ ಹಿಡಿದು, ಆಂಪ್ಲಿಫೈಯರ್‌ಗೆ ಜೋಡಿಸಿ ನುಡಿಸುತ್ತಿದ್ದರು. ಹಾಗೆ ಮಾಡಿದಾಗ ಧ್ವನಿ ತುಸು ಒಡೆದು ಗಡುಸಾಗುತ್ತದೆ. ಇತರರು ದೋಷವೆಂದು ತಿದ್ದಲು ಹೊರಡುತ್ತಿದ್ದ ಆ ಒಡಕನ್ನೇ ಅವರು ನಾದದ ಭಾಗವಾಗಿ ಬಳಸಿಕೊಂಡರು.

ಉತ್ತರ 2: ಮೈಕ್ ಒಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಸಿ ಶ್ರುತಿಯ ಹಾರ್ಮೋನಿಕಾದಲ್ಲಿ ಜಿ ಶ್ರುತಿಗೆ ನುಡಿಸಿದರೆ, ಎರಡನೆಯ ರಂಧ್ರದಲ್ಲಿ ಉಸಿರು ಒಳಗೆಳೆದಾಗಲೇ ಆಧಾರ ಸ್ವರ ಸಿಗುತ್ತದೆ. ನಾಲಿಗೆಯ ಸ್ಥಾನವನ್ನು ಬದಲಿಸುತ್ತ ಅದನ್ನು ಕೆಳಕ್ಕೆ ಬಾಗಿಸಬಹುದು. ಬ್ಲೂಸ್‌ನ ಅಳಲೆಲ್ಲ ಇರುವುದು ಈ ಬಾಗುವಿಕೆಯಲ್ಲೇ.

ಉತ್ತರ 3: ಜೀವನದ ವಿಷಯ. 1930ರಲ್ಲಿ ಲೂಸಿಯಾನಾದ ಮಾರ್ಕ್ಸ್‌ವಿಲ್‌ನಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಶಿಕಾಗೋ ಸೇರಿ, ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ತಂಡದಲ್ಲಿ ಹೆಸರು ಮಾಡಿದರು. ‘ಜೂಕ್’ ಎಂಟು ವಾರ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡಿನ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅದು ಜನಪ್ರಿಯವಾಗುತ್ತಲೇ ಸ್ವಂತ ತಂಡ ಕಟ್ಟಿದರು. ಆದರೆ ಕುಡಿತವೂ ಮುಂಗೋಪವೂ ಬೆನ್ನು ಬಿಡಲಿಲ್ಲ. ಜಗಳವೊಂದರಲ್ಲಿ ಪೆಟ್ಟು ತಿಂದು, 1968ರ ಫೆಬ್ರವರಿಯಲ್ಲಿ, 37ನೆಯ ವಯಸ್ಸಿಗೇ ತೀರಿಕೊಂಡರು.