ನಾಲಾ ಅಂದರೆ ನಾಲೆ ಅಲ್ಲ: ಮೀನಿರುವ ಸಣ್ಣ ಹೊಳೆಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಅದರಲ್ಲಿ ಒಂದಕ್ಕಂತೂ ನನಗೆ ಎಲ್ಲೂ ಕನ್ನಡ ಸಿಕ್ಕಿಲ್ಲ.

ಸಂದರ್ಭ ಇಷ್ಟು. ಪಾಷಾಣ, ಬಾಣೇರ ಕಡೆಯ ನಾವು ಕೆಲವು ಕನ್ನಡ ಮನೆಯವರು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ರಾಮನದಿಯ ದಂಡೆಗೆ ಹೋಗುತ್ತೇವೆ. ಭೂಗಾವ್ ಕಡೆಯಿಂದ ಇಳಿದು ಪಾಷಾಣ ಕೆರೆಗೆ ಬಂದು, ಮುಂದೆ ಮುಳಾ ನದಿಗೆ ಸೇರುವ ಸಣ್ಣ ಹೊಳೆ ಅದು. ಈ ಸಲ ಮಕ್ಕಳ ಕೈಗೆ ಎರಡು ಪುಟದ ಕನ್ನಡ ಹಾಳೆ ಕೊಡೋಣ ಅಂತ ಬರೆಯಲು ಕೂತೆ. ಹೊಳೆಯ ತಳ ಹೇಗಿದೆ, ದಂಡೆಯಲ್ಲಿ ಮರ ಇದೆಯಾ, ಸುತ್ತಲಿನ ನೆಲದಲ್ಲಿ ಕಾಡಿದೆಯಾ ಹೊಲವಿದೆಯಾ ಕಟ್ಟಡವಿದೆಯಾ, ಇವೆಲ್ಲ ಸೇರಿ ಆ ನೀರಿನಲ್ಲಿ ಯಾವ ಮೀನು ಬದುಕುತ್ತದೆ ಅನ್ನುವುದನ್ನು ಹೇಗೆ ತೀರ್ಮಾನಿಸುತ್ತವೆ ಅನ್ನುವುದು ವಿಷಯ.

ಮೊದಲ ಸಾಲಿನಲ್ಲೇ ತೊಡಕು. ಇಲ್ಲಿ ಎಲ್ಲರೂ 'ನಾಲಾ' ಅನ್ನುತ್ತಾರಲ್ಲ, ಹಾಗಾಗಿ 'ನಾಲೆ' ಎಂದು ಬರೆದಿದ್ದೆ. ಮಗಳು ಓದಿ ಕೇಳಿದಳು: "ಅಪ್ಪಾ, ನಾಲೆ ಅಂದ್ರೆ ಮಂಡ್ಯದಲ್ಲಿ ಅಜ್ಜಿ ಮನೆ ಹತ್ರ ಇರೋದಲ್ವಾ? ಅದನ್ನ ಜನ ತೋಡಿದ್ದು ತಾನೆ?" ಅವಳು ಕೇಳಿದ್ದು ಸರಿ. ನಮಗೆ ನಾಲೆ ಅಂದರೆ ವಿಶ್ವೇಶ್ವರಯ್ಯ ನಾಲೆ, ಮನುಷ್ಯರು ಅಗೆದು ನೀರು ಹರಿಸಿದ್ದು. ಮರಾಠಿಯಲ್ಲಿ ಅದಕ್ಕೆ 'ಕಾಲವಾ', ನಮ್ಮ ಕಾಲುವೆಯ ಹಾಗೇ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಹೊರಡುವುದು ಮುಠಾ ಕಾಲವಾ. 'ನಾಲಾ' ಮಾತ್ರ ತಾನಾಗಿ ಹರಿದು ಬಂದದ್ದು. ಕಿವಿಗೆ ಒಂದೇ ಥರ ಕೇಳುವ ಪದ, ಅರ್ಥ ಪೂರ್ತಿ ಉಲ್ಟಾ.

ಇನ್ನೊಂದು ನೋಡಿ. ಪುಣೆಯ ಒಳಗೇ ಆಂಬಿಲ ಓಢಾ ಇದೆ, ಭೈರೋಬಾ ನಾಲಾ ಇದೆ, ನಾಗಝರಿ ಇದೆ, ರಾಮನದಿ ಇದೆ. ಒಂದೇ ಊರಿನ ನಾಲ್ಕು ಸಣ್ಣ ಹೊಳೆಗಳು, ನಾಲ್ಕು ಬೇರೆ ಪದ. ಆದರೆ ಈಗ ಜನರ ಬಾಯಲ್ಲಿ ನಾಲ್ಕೂ ನಾಲಾಗಳೇ, ನಾಲಾ ಅಂದರೆ ಕೊಳಚೆ ನೀರು ಹೋಗುವ ಜಾಗ ಅಂತಲೇ ಅರ್ಥ. ನಮ್ಮಲ್ಲೂ ಇದು ಆಗಿದೆ. ಬೆಂಗಳೂರಿನ ವೃಷಭಾವತಿ ನದಿ ಜನರ ಬಾಯಲ್ಲಿ 'ಕೆಂಗೇರಿ ಮೋರಿ' ಆಯಿತು. ಒಮ್ಮೆ ಮೋರಿ ಅಂದುಬಿಟ್ಟರೆ ಅದರಲ್ಲಿ ಮೀನು ಇತ್ತು ಅನ್ನುವುದನ್ನೇ ಯಾರೂ ನಂಬುವುದಿಲ್ಲ, ಅದಕ್ಕೇ ನನಗೆ ಈ ಪದದ ಬಗ್ಗೆ ಇಷ್ಟು ಕಾಳಜಿ.

ಹಾಗಾದರೆ 'ಹಳ್ಳ'? ಧಾರವಾಡ ಕಡೆಯವರಿಗೆ ಹಳ್ಳ ಅಂದರೆ ಹರಿಯುವ ನೀರೇ, ಬೆಣ್ಣೆಹಳ್ಳದ ಹಾಗೆ. ಆದರೆ ಮೈಸೂರು ಕಡೆಯ ಮಕ್ಕಳಿಗೆ ಹಳ್ಳ ಅಂದರೆ ರಸ್ತೆಯ ಗುಂಡಿಯೂ ಹೌದು. ಮೇಲಾಗಿ ಕೆಲಸ ಕೆಟ್ಟರೆ 'ಹಳ್ಳ ಹಿಡೀತು' ಅನ್ನುತ್ತೇವೆ. 'ತೊರೆ' ಚೆನ್ನಾಗಿದೆ, ಆದರೆ ಪಾಠದ ಪದ್ಯದಲ್ಲಿ ಬಿಟ್ಟರೆ ನಮ್ಮ ಮಕ್ಕಳು ಅದನ್ನು ಕೇಳಿಲ್ಲ. ನನ್ನ ಮನಸ್ಸು ಹಳ್ಳದ ಕಡೆಗೇ ಇದೆ. ನೀವೇನಂತೀರಿ?

ಇಲ್ಲಿ ಪದ ಯಾಕೆ ಮುಖ್ಯ ಅಂದರೆ, ನಾಲೆಗೂ ಹಳ್ಳಕ್ಕೂ ಇರುವ ವ್ಯತ್ಯಾಸವೇ ಮೀನಿನ ಬದುಕು. ನಾಲೆ ನೇರ, ಉದ್ದಕ್ಕೂ ಹೆಚ್ಚುಕಮ್ಮಿ ಒಂದೇ ಆಳ, ಎರಡೂ ಕಡೆ ಗೋಡೆ. ಹಳ್ಳ ಬಳುಕುತ್ತದೆ, ಒಂದು ಕಡೆ ಆಳವಾಗಿ ನಿಲ್ಲುತ್ತದೆ, ಮುಂದೆ ಕಲ್ಲುಗಳ ಮೇಲೆ ತೆಳ್ಳಗೆ ಸದ್ದು ಮಾಡಿಕೊಂಡು ಓಡುತ್ತದೆ. ಕಲ್ಲಿನ ಮೇಲೆ ಓಡುವಾಗ ನೀರಿಗೆ ಗಾಳಿ ಬೆರೆಯುತ್ತದೆ. ಅಲ್ಲಿರುವ ಮೀನೇ ಬೇರೆ, ಆಳದಲ್ಲಿರುವ ಮೀನೇ ಬೇರೆ. ಹಳ್ಳಕ್ಕೆ ಕಾಂಕ್ರೀಟ್ ಹಾಕಿದ ದಿನ ಅದು ನಿಜವಾಗಿಯೂ ನಾಲೆ ಆಗುತ್ತದೆ. ನೀರು ಅಷ್ಟೇ ಇರಬಹುದು, ಮೀನಿಗೆ ಜಾಗ ಉಳಿಯುವುದಿಲ್ಲ.

ಒಂದು ಮೀನಿನ ಉದಾಹರಣೆ ಹಾಳೆಯಲ್ಲಿ ಹಾಕಿದ್ದೇನೆ. ಮರಾಠಿಯಲ್ಲಿ 'ಮಳ್ಯಾ'. ಬೆರಳುದ್ದದ ಮೀನು, ಬಾಯಿಯ ಕೆಳಗೆ ಸಣ್ಣ ತಟ್ಟೆಯಂಥ ಅಂಗ ಇರುತ್ತದೆ, ಅದರಿಂದ ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುತ್ತದೆ. ವಿಜ್ಞಾನದ ಹೆಸರು ಗರ್ರಾ ಮುಲ್ಯಾ. 1839ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ ದಖ್ಖನಿನ ಮೀನುಗಳ ಬಗ್ಗೆ ಬರೆದಾಗ ಇಲ್ಲಿಯ ಜನರ ಬಾಯಲ್ಲಿದ್ದ ಹೆಸರುಗಳನ್ನೇ ಎತ್ತಿಕೊಂಡ. ಮಹಶೀರ್ ಜಾತಿಯ 'ಖುದ್ರೀ' ಮೀನನ್ನೂ ಅವನು ವಿವರಿಸಿದ್ದು ಇದೇ ಮುಳಾ-ಮುಠಾ ನೀರಿನಿಂದ. ಜಗತ್ತಿನ ವಿಜ್ಞಾನಿಗಳೆಲ್ಲ ಇವತ್ತಿಗೂ ಆ ಮೀನನ್ನು ಕರೆಯುವುದು ಪುಣೆಯ ಹೊಳೆದಂಡೆಯ ಮಾತಿನಲ್ಲಿ! ಇದು ತಿಳಿದಾಗ ನನಗಾದ ಖುಷಿ ಹೇಳತೀರದು. ಮಳ್ಯಾ ನಮ್ಮ ಕರ್ನಾಟಕದ ಹೊಳೆಗಳಲ್ಲೂ ಇದೆ. ನಿಮ್ಮ ಊರಲ್ಲಿ ಕಲ್ಲಿಗೆ ಅಂಟುವ ಈ ಸಣ್ಣ ಮೀನಿಗೆ ಏನಂತಾರೆ? ಇದು ನನ್ನ ಎರಡನೆಯ ಪ್ರಶ್ನೆ.

ಇನ್ನು 'ಹೂಳು'. ಈ ಪದಕ್ಕೆ ಏನೂ ತೊಂದರೆ ಇಲ್ಲ, ಸೊಗಸಾದ ಪದ. ಗುಡ್ಡ ಕಡಿದು ಕಟ್ಟಡ ಎಬ್ಬಿಸುವಾಗ, ದಂಡೆಯವರೆಗೂ ಉಳುವಾಗ ಮಣ್ಣು ಮಳೆಯಲ್ಲಿ ಇಳಿದು ಬಂದು ಕಲ್ಲಿನ ಸಂದುಗಳನ್ನು ಮುಚ್ಚುತ್ತದೆ. ಆ ಸಂದುಗಳಲ್ಲೇ ಎಷ್ಟೋ ಮೀನುಗಳ ಮೊಟ್ಟೆ, ಹುಳು, ಮರಿ ಎಲ್ಲ ಇರುವುದು. ಮೊಟ್ಟೆಗೆ ಉಸಿರು ಸಿಗುವುದಿಲ್ಲ. ದಂಡೆಯ ಹೊಳೆಮತ್ತಿ, ಹೊಂಗೆ ಕಡಿದರೆ ನೆರಳು ಹೋಗಿ ನೀರು ಕಾಯುತ್ತದೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಗೆ ಬಂದರೆ ಏಳೂವರೆಯಷ್ಟೇ. ಅದರ ಮೇಲೆ ಕೊಳಚೆ ಸೇರಿದರೆ ಅದೂ ಇಲ್ಲ. ಆಗ ಮಳ್ಯಾ ಹೋಗಿ, ಏನನ್ನಾದರೂ ತಡೆದುಕೊಳ್ಳುವ ತಿಲಾಪಿಯಾ, ಗಪ್ಪಿ ಉಳಿಯುತ್ತವೆ. 'ಮೀನು ಇದೆಯಲ್ಲ' ಅಂತ ಜನ ಸಮಾಧಾನ ಪಡುತ್ತಾರೆ. ಯಾವ ಮೀನು ಅಂತ ಕೇಳಬೇಕು, ಅಲ್ವಾ?

ಮೀನು ಬದುಕುವ ಜಾಗಕ್ಕೆ 'ಆವಾಸ' ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಆವಾಸ್ ಅಂದರೆ ಇಲ್ಲಿ ಸರ್ಕಾರಿ ಮನೆ ಯೋಜನೆ ನೆನಪಾಗುತ್ತದೆ. ಮರಾಠಿ ಪಠ್ಯದ 'ಅಧಿವಾಸ' ತಂದರೆ ನಮಗೆ ದೇವಸ್ಥಾನದ ಜಲಾಧಿವಾಸ ನೆನಪಾಗುತ್ತದೆ. 'ನೆಲೆ' ಅಂದರೆ ಸಾಕು ಅನಿಸುತ್ತದೆ. ಮೀನಿನ ನೆಲೆ. ಭೂಬಳಕೆಯನ್ನು 'ನೆಲದ ಬಳಕೆ' ಅಂತ ಬಿಡಿಸಿ ಬರೆದಿದ್ದೇನೆ. ಒಂದು ಕಡೆ ಹಳ್ಳಕ್ಕೆ ನೀರು ಹರಿದು ಬರುವ ನೆಲಕ್ಕೆ 'ಅಚ್ಚುಕಟ್ಟು' ಎಂದು ಬಳಸಿದ್ದನ್ನು ಓದಿದೆ. ಅದು ತಪ್ಪು. ಅಚ್ಚುಕಟ್ಟು ಅಂದರೆ ಕೆರೆಯಿಂದ ನೀರು ಪಡೆಯುವ ಗದ್ದೆ, ನೀರು ಕೊಡುವ ನೆಲ ಅಲ್ಲ. ಜಲಾನಯನ ಅನ್ನಬಹುದು, ರೈತರಿಗೂ ಗೊತ್ತಿರುವ ಪದ.

ಮಲೆನಾಡಿನವರ 'ಹತ್ತುಮೀನು' ನೋಡಿ, ಎಂಥ ಪದ! ಮೊದಲ ಮಳೆಗೆ ಹೊಳೆಯಿಂದ ಸಣ್ಣ ಹಳ್ಳಕ್ಕೆ, ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ ಮೀನು. ಮರಾಠಿಯಲ್ಲಿ ಅದಕ್ಕೇ 'ಚಢಣೀಚೇ ಮಾಸೇ' ಅನ್ನುತ್ತಾರೆ, ಹತ್ತುವ ಮೀನು ಎಂದೇ ಅರ್ಥ. ರಸ್ತೆಯ ಕೆಳಗೆ ಪೈಪು ಇಟ್ಟು, ಅದರ ಬಾಯಿ ನೀರಿಗಿಂತ ಎರಡು ಅಡಿ ಮೇಲೆ ನಿಂತರೆ ಆ ಮೀನು ಹತ್ತುವುದಾದರೂ ಹೇಗೆ? ಒಂದು ಪದದಲ್ಲಿ ಇಡೀ ಹೊಳೆಯ ಕಥೆ ಇದೆ. ನನಗೆ ಬೇಕಾದದ್ದು ಇಂಥ ಪದ.

ಈಗ ಮುಖ್ಯ ಪ್ರಶ್ನೆ. ಹಳ್ಳ ಆಳವಾಗಿ ನಿಧಾನವಾಗುವ ಜಾಗಕ್ಕೆ ನಮ್ಮಲ್ಲಿ 'ಮಡು' ಇದೆ. ಮರಾಠಿಯ 'ಡೋಹ'ಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಎರಡು ಮಡುಗಳ ನಡುವೆ, ನೊರಜುಗಲ್ಲುಗಳ ಮೇಲೆ, ಹಿಮ್ಮಡಿ ಮುಳುಗುವಷ್ಟು ನೀರು ನೊರೆಯೆದ್ದು ಓಡುವ ಜಾಗವಿದೆಯಲ್ಲ, ಇಂಗ್ಲಿಷಿನ 'ರಿಫಲ್', ಅದಕ್ಕೆ ಏನನ್ನೋಣ? ಮರಾಠಿಯಲ್ಲಿ 'ಖಳಾಳ' ಅನ್ನಬಹುದು, ಸದ್ದಿನಿಂದಲೇ ಬಂದ ಪದ. ನಮ್ಮ 'ಸೆಳವು' ಆಗುವುದಿಲ್ಲ, ಸೆಳವು ಅಂದರೆ ಆಳ, ಅಪಾಯ, ಎಳೆದುಕೊಂಡು ಹೋಗುವುದು. 'ಝರಿ' ಅಂದರೆ ಮಕ್ಕಳು ಬಂಡೆಯಿಂದ ಬೀಳುವ ನೀರು ಅಂದುಕೊಳ್ಳುತ್ತಾರೆ. 'ಜುಳುಜುಳು' ಸದ್ದಿನ ಹೆಸರು, ಜಾಗದ ಹೆಸರಲ್ಲ. ಹೊಸದಾಗಿ ಕಟ್ಟಿದ ಪದ ನನಗೆ ಬೇಡ. ಬಟ್ಟೆ ಒಗೆಯುವವರು, ದನ ದಾಟಿಸುವವರು, ಗಾಳ ಹಾಕುವವರು ಆ ಜಾಗಕ್ಕೆ ಏನೋ ಒಂದು ಹೆಸರು ಇಟ್ಟೇ ಇರುತ್ತಾರೆ.

ನಿಮ್ಮ ಅಮ್ಮ, ಅಜ್ಜಿ, ಮೀನು ಹಿಡಿಯುವ ನೆರೆಯವರನ್ನು ದಯವಿಟ್ಟು ಒಮ್ಮೆ ಕೇಳಿ. ಪದದ ಜೊತೆ ಊರು ಮತ್ತು ಹೊಳೆಯ ಹೆಸರನ್ನೂ ಬರೆಯಿರಿ. ಕಲಬುರಗಿ, ಅಫಜಲಪುರ ಕಡೆಯವರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ರಾಮನದಿಯ ನೀರು ಮುಳಾ-ಮುಠಾ ಸೇರಿ, ಭೀಮೆಯಾಗಿ ನಿಮ್ಮಲ್ಲಿಗೇ ಬರುವುದು. ಮಳೆ ಶುರುವಾಗುವ ಮೊದಲು ಹಾಳೆ ಅಚ್ಚಿಗೆ ಕೊಡಬೇಕು.