ಸಿಗ್ನಲ್ ಪೂರ್ತಿ ಇದ್ದರೂ ರಾತ್ರಿ ವೈಫೈ ತಡವರಿಸುತ್ತೆ, ಅಡ್ಡಿ ಎಲ್ಲಿಂದ?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್, ಮೂರನೇ ಮಹಡಿ. ರಾತ್ರಿ ಎಂಟರಿಂದ ಹತ್ತರವರೆಗೆ ವಿಡಿಯೋ ಕಾಲ್ ತುಂಡುತುಂಡಾಗುತ್ತೆ. ಫೋನಿನಲ್ಲಿ ಸಿಗ್ನಲ್ ಪೂರ್ತಿ. ರೂಟರ್ 2.4 ಗಿಗಾಹರ್ಟ್ಸ್‌ನಲ್ಲಿದೆ, ಅದರೊಳಗಿನ ಚಾನೆಲ್ ಆಟೋ (ರೂಟರೇ ಆರಿಸಿಕೊಳ್ಳುತ್ತೆ). ಬಲ್ಲವರು ದಾರಿ ತೋರಿಸಿ.

ಉತ್ತರ 1: ಸರ್, ಮೊದಲು ತೊಂದರೆ ವೈಫೈಯದೋ ಹೊರಗಿನ ಲೈನಿನದೋ ಖಚಿತ ಮಾಡ್ಕೊಳ್ಳಿ. ತೊಂದರೆ ಇರುವ ಹೊತ್ತಲ್ಲೇ ಲ್ಯಾಪ್‌ಟಾಪಿನಿಂದ ರೂಟರ್ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಐದು ನಿಮಿಷ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವ ಕಮಾಂಡ್) ಹಾಕಿ. ಕೆಲವೇ ಮಿಲಿಸೆಕೆಂಡಲ್ಲಿ ಸಮವಾಗಿ ಉತ್ತರ ಬರ್ತಿದ್ದು, 8.8.8.8ಕ್ಕೆ (ಹೊರಗಿನ ಗೂಗಲ್ ಸರ್ವರ್) ಮಾತ್ರ ಎಗರಾಡಿದರೆ ಅದು ಲೈನಿನ ದೋಷ. ರೂಟರ್‌ಗೇ ನೂರಾರು ಮಿಲಿಸೆಕೆಂಡ್ ಹಿಡಿದು, ಲ್ಯಾನ್ ಕೇಬಲ್ ಚುಚ್ಚಿದ ಕೂಡಲೇ ಸರಿಹೋದರೆ ವೈಫೈಗೇ ಅಡ್ಡಿ ಇದೆ. ಸಿಗ್ನಲ್ ಗೆರೆಗಳು ರೂಟರಿನ ಬಲವನ್ನಷ್ಟೇ ತೋರಿಸುತ್ತವೆ, ಸುತ್ತಲಿನ ಗದ್ದಲವನ್ನಲ್ಲ.

ಉತ್ತರ 2: ಆ ಹೊತ್ತಿಗೆ ಎಲ್ಲರೂ ಮನೆಯಲ್ಲಿರ್ತಾರೆ, ಹಾಗಾಗಿ ನನ್ನ ಮೊದಲ ಅನುಮಾನ ಅಕ್ಕಪಕ್ಕದ ರೂಟರ್‌ಗಳ ಮೇಲೆ. ಚಾನೆಲ್‌ಗಳ ನಡುವೆ ಅಂತರ 5 ಮೆಗಾಹರ್ಟ್ಸ್, ಸಿಗ್ನಲ್ ಅಗಲ 20. ಅದಕ್ಕೇ ಒಂದಕ್ಕೊಂದು ತಾಗದೆ ಉಳಿಯೋದು 1, 6, 11 ಮಾತ್ರ. ಇವುಗಳಲ್ಲಿ ಖಾಲಿ ಇಲ್ಲ ಅಂತ 3ಕ್ಕೋ 4ಕ್ಕೋ ಹೋಗಬೇಡಿ. ಒಂದೇ ಚಾನೆಲಿನ ರೂಟರ್‌ಗಳು ಪರಸ್ಪರ ಕೇಳಿಸಿಕೊಂಡು ಸರದಿ ಕಾಯುತ್ತವೆ. ಅರ್ಧಂಬರ್ಧ ತಾಗುವ ಚಾನೆಲ್ ಮಾತ್ರ ಎರಡೂ ಕಡೆಗೆ ಬರೀ ಗದ್ದಲ. ಅಗಲವನ್ನು 20ಕ್ಕೆ ಕಟ್ಟಿಹಾಕಿ, 40 ಬೇಡ. ಎಷ್ಟೋ ರೂಟರ್‌ಗಳು ಆಟೋದಲ್ಲಿ ಆನ್ ಆದಾಗ ಆರಿಸಿದ ಚಾನೆಲ್ಲಿಗೇ ಅಂಟಿಕೊಳ್ಳುತ್ತವೆ. ಬೆಳಿಗ್ಗೆ ಖಾಲಿಯಿದ್ದದ್ದು ರಾತ್ರಿ ಖಾಲಿ ಇರಲ್ಲ, ಎಂಟರ ಮೇಲೆ ಸ್ಕ್ಯಾನ್ ಮಾಡಿ. ರೂಟರಿನ ಪವರ್ ಏರಿಸಿದರೂ ಫಲ ಕಡಿಮೆ: ಫೋನ್ ತಿರುಗಿ ಕಳಿಸುವ ಸಿಗ್ನಲ್ ಅಷ್ಟೇ ಸಣ್ಣದಾಗಿ ಉಳಿಯುತ್ತೆ.

ಉತ್ತರ 3: ಫೋನಿನ ಸ್ಕ್ಯಾನ್ ಆ್ಯಪ್‌ಗೆ ಕಾಣೋದು ವೈಫೈ ಮಾತ್ರ ಅನ್ನೋದು ನೆನಪಿರಲಿ. ಮಿಕ್ಕ ಅಡ್ಡಿ ಹಿಡಿಯೋಕೆ ಪಿಂಗ್ ಓಡ್ತಿರುವಾಗಲೇ ಒಂದೊಂದೇ ಉಪಕರಣ ಆಫ್ ಮಾಡುತ್ತಾ ಬನ್ನಿ. ಮೈಕ್ರೋವೇವ್ ಸೋರಿಕೆ 2.45 ಗಿಗಾಹರ್ಟ್ಸ್ ಸುತ್ತ, ಅಂದರೆ ಚಾನೆಲ್ 8–9ರ ಜಾಗ. ಓವನ್ ನಿಂತ ತಕ್ಷಣ ಪಿಂಗ್ ಸರಿಹೋಗುತ್ತೆ. ಅಂಥಲ್ಲಿ ಚಾನೆಲ್ 1 ವಾಸಿ. ಯಾರೂ ಅನುಮಾನಿಸದ ಕಳ್ಳ ಅಂದರೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಅದರ ಕೇಬಲ್, ಕನೆಕ್ಟರ್‌ಗಳಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತೆ, 2012ರಲ್ಲೇ ಇಂಟೆಲ್ ಇದನ್ನು ಅಳೆದು ತೋರಿಸಿತ್ತು. ಡಿಸ್ಕನ್ನು ರೂಟರ್ ಆಂಟೆನಾದಿಂದ ದೂರ ಇಡಿ, ಚೆನ್ನಾಗಿ ಕವಚ ಹೊದಿಸಿದ ಕೇಬಲ್ ಹಾಕಿ, ಅಥವಾ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿ. ಎಲ್‌ಇಡಿ ಬಲ್ಬನ್ನು ಬೈದು ಹೊತ್ತು ಕಳೆಯಬೇಡಿ. ಅದು ಕೆಡಿಸೋದು ಹೆಚ್ಚಾಗಿ ರೇಡಿಯೋವನ್ನು.

ಉತ್ತರ 2: ಒಪ್ಪಿದೆ. ಆದರೂ ಫೋನ್, ಲ್ಯಾಪ್‌ಟಾಪ್, ಟಿವಿ 5 ಗಿಗಾಹರ್ಟ್ಸ್ ಹಿಡಿದರೆ ಮೊದಲು ಅಲ್ಲಿಗೆ ಹೋಗಿ, ಚಾನೆಲ್ 36–48 ಅಥವಾ 149–161. ಗೋಡೆ ದಾಟುವ ಶಕ್ತಿ ಕಡಿಮೆ, ನಿಮಗೆ ಅದೇ ಅನುಕೂಲ: ಪಕ್ಕದ ಮನೆಯದೂ ಅಷ್ಟಾಗಿ ಒಳಗೆ ನುಗ್ಗಲ್ಲ. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರಾಡಾರ್‌ಗೆ ದಾರಿ ಬಿಡುವ ನಿಯಮವುಳ್ಳ ರೂಟರ್, ರಾಡಾರ್ ಕೇಳಿಸಿದೊಡನೆ ಚಾನೆಲ್ ಬಿಡುತ್ತೆ. ಅಂಥ ಇನ್ನೊಂದು ಚಾನೆಲ್ಲಿಗೆ ಹೋಗುವ ಮುನ್ನ ಕನಿಷ್ಠ ಒಂದು ನಿಮಿಷ ಸುಮ್ಮನೆ ಆಲಿಸುತ್ತೆ. ವಿಮಾನ ನಿಲ್ದಾಣದ ಆಸುಪಾಸಿನವರಿಗೆ ಇದ್ದಕ್ಕಿದ್ದಂತೆ ವೈಫೈ ಮಾಯವಾದರೆ ಇದನ್ನೊಮ್ಮೆ ರೂಟರಿನ ಲಾಗ್‌ನಲ್ಲಿ (ಅದು ಬರೆದಿಡುವ ದಾಖಲೆ) ನೋಡಿ.