ಹಾಲು ಎಲ್ಲಿಗೆ ಹೋಯಿತು?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ಶುರುವಾದ ಜಗಳ ಸೋಮವಾರ ರಾತ್ರಿಯವರೆಗೂ ನಡೆಯಿತು. ಅದಕ್ಕೆ ಕಾರಣ ಐದೇ ಐದು ಸಣ್ಣ ವಾಕ್ಯ. ಆ ಐದು ವಾಕ್ಯ ಬಿಟ್ಟು ಉಳಿದದ್ದೆಲ್ಲ ಅಲ್ಲಿ ಚರ್ಚೆಯಾಯಿತು. ನನಗೆ ಅದು ಇನ್ನೂ ಮನಸ್ಸಿನಲ್ಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳಿಸಿದವರು ಅತ್ತೆ. ಮೇಲೆ ಜೋಡಿ ಬಾಣದ ಗುರುತು ಇತ್ತು, ಅಂದರೆ ಕಡಿಮೆಯೆಂದರೂ ಐದು ಕೈ ದಾಟಿ ಬಂದ ಮೆಸೇಜು. "30 ದಿನದಲ್ಲಿ ಸರಾಗ ಇಂಗ್ಲಿಷ್! ವ್ಯಾಕರಣ ಬೇಡ, ಡಿಕ್ಷನರಿ ಬೇಡ. ದಿನಾ ಒಂದು ಸಣ್ಣ ಓದು ಸಾಕು. ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ನಿಮ್ಮವರಿಗೆಲ್ಲ ಕಳಿಸಿ." ಅದರ ಕೆಳಗೆ ಮೊದಲನೇ ದಿನದ ಓದು. ಕನ್ನಡ ಅಕ್ಷರದಲ್ಲಿ ಹೀಗಾಗುತ್ತದೆ:

ಮೈ ಅಲಾರ್ಮ್ ವೆಂಟ್ ಆಫ್ ಅಟ್ ಸಿಕ್ಸ್. ಐ ಗಾಟ್ ಅಪ್ ಅಂಡ್ ಓಪನ್ಡ್ ದ ಫ್ರಿಡ್ಜ್. ದ ಮಿಲ್ಕ್ ಹ್ಯಾಡ್ ಗಾನ್ ಆಫ್. ದೆನ್ ದ ಲೈಟ್ಸ್ ವೆಂಟ್ ಆಫ್. ಐ ವೆಂಟ್ ಬ್ಯಾಕ್ ಟು ಬೆಡ್.

ಅಷ್ಟೇ. 28 ಪದ. ಅತ್ತೆ ತಮ್ಮ ಕಡೆಯಿಂದ ಒಂದು ಸಾಲು ಸೇರಿಸಿದ್ದರು: "ಮೊಮ್ಮಕ್ಕಳು ಮಾತಾಡುವಾಗ ಪಕ್ಕದಲ್ಲಿ ಕೂತು ಸುಮ್ನೆ ನಗುವುದು ಸಾಕಾಗಿದೆ. ಎಲ್ಲರೂ ಸೇರಿ ಮಾಡೋಣ."

ಆ ಸಾಲನ್ನು ಯಾರೂ ಓದಲಿಲ್ಲ ಅಂತ ಕಾಣುತ್ತದೆ.

ಅಣ್ಣ: ಯಾವ ವಿಜ್ಞಾನಿ? ಎಲ್ಲಿ ಸಾಬೀತಾಯಿತು? ಸೋರ್ಸ್ ಕಳಿಸಿ ಅತ್ತೆ.

ಅತ್ತೆ: ನನಗೆ ಬಂತು, ಕಳಿಸಿದೆ ಕಣೋ. ಒಳ್ಳೆಯದಲ್ವಾ?

ಅಣ್ಣ: ಒಳ್ಳೆಯದು ಬೇರೆ, ನಿಜ ಬೇರೆ. ಹೋದ ತಿಂಗಳೂ ನೀವು ಕಳಿಸಿದ್ದು ಸುಳ್ಳಾಗಿತ್ತು.

ದೊಡ್ಡಪ್ಪ: ವ್ಯಾಕರಣ ಬೇಡ ಎಂದವರು ಯಾರು? ಬುನಾದಿ ಇಲ್ಲದೆ ಮನೆ ನಿಲ್ಲುವುದಿಲ್ಲ. ನಾವು ಕಾಲಗಳನ್ನೆಲ್ಲ ಬಾಯಿಪಾಠ ಮಾಡಿ ಕಲಿತವರು. ಈಗ ಎಲ್ಲರಿಗೂ ಎಲ್ಲವೂ 30 ದಿನದಲ್ಲಿ ಆಗಬೇಕು. ತಾಳ್ಮೆ ಎನ್ನುವುದೇ ಇಲ್ಲ.

ದೊಡ್ಡಪ್ಪ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವರು. ಅವರು ಬರೆದ ಮೇಲೆ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಬರೆಯುವುದಿಲ್ಲ. ಅವತ್ತು ಮಾತ್ರ ಅವರ ಮಗ, ನಮ್ಮ ದೊಡ್ಡಣ್ಣ, ಬಂದರು.

ದೊಡ್ಡಣ್ಣ: ಅಪ್ಪ, ನಿಮ್ಮ ರೇಡಿಯೋ ನೆನಪಿದೆಯಾ? ರಾತ್ರಿ ಮುಳ್ಳು ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದಿರಿ. ಒಬ್ಬರು ನಿಧಾನವಾಗಿ ಸುದ್ದಿ ಓದುತ್ತಿದ್ದರು. ಗರ್ರ್ ಅಂತ ಸದ್ದು, ಮಧ್ಯೆ ಒಂದೊಂದೇ ಪದ. ನಾವು ಚಾಪೆ ಮೇಲೆ ಮಲಗಿ ಕೇಳುತ್ತಿದ್ದೆವು.

ಆಮೇಲೆ ಒಂದು ಗಂಟೆ ರೇಡಿಯೋದ್ದೇ ಮಾತು. ಅದರ ಬಣ್ಣ, ಅದರ ಮುರಿದ ಆಂಟೆನಾ, ಅದನ್ನು ಬೀಳಿಸಿದ್ದು ಯಾರು, ಆಮೇಲೆ ಅದು ಯಾರ ಮನೆಗೆ ಹೋಯಿತು. ಕೊನೆಯ ಪ್ರಶ್ನೆಗೆ ಅತ್ತೆಗೂ ದೊಡ್ಡಪ್ಪನಿಗೂ ಇಪ್ಪತ್ತು ವರ್ಷದ ಹಿಂದಿನ ಮನಸ್ತಾಪ ಅಂಟಿಕೊಂಡಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟರ ಮಧ್ಯೆ ಚಿಕ್ಕಮ್ಮ ಒಂದು ಪ್ರಶ್ನೆ ಕೇಳಿದ್ದರು. "ವೆಂಟ್ ಆಫ್ ಮೂರು ಕಡೆ ಬಂದಿದೆ. ಮೂರಕ್ಕೂ ಅರ್ಥ ಒಂದೇನಾ? ಹಾಲು ಎಲ್ಲಿಗೆ ಹೋಯಿತು?"

ಹಿಂದೆ ಮುಂದೆ ರೇಡಿಯೋ. ಉತ್ತರ ಇಲ್ಲ. ಇಡೀ ಗುಂಪಿನಲ್ಲಿ ಆ ಐದು ವಾಕ್ಯವನ್ನು ನಿಜವಾಗಿ ಓದಿದ್ದವರು ಚಿಕ್ಕಮ್ಮ ಒಬ್ಬರೇ. ಅದನ್ನು ನಾನೂ ಗಮನಿಸಿದ್ದು ಮಧ್ಯಾಹ್ನ, ಅಷ್ಟರಲ್ಲಿ ನಾನೂ ಒಂದು ಉದ್ದದ ಮೆಸೇಜು ಹಾಕಿಯಾಗಿತ್ತು.

ನಾನು ಬರೆದದ್ದು ಇಷ್ಟು. ಅಣ್ಣ, 30 ದಿನ ಅನ್ನುವುದು ಸುಳ್ಳೇ, ಅದರಲ್ಲಿ ನಿನ್ನ ಕಡೆ ನಾನು. ಕಾದಂಬರಿಯನ್ನೋ ಪತ್ರಿಕೆಯನ್ನೋ ಯಾರ ಸಹಾಯವಿಲ್ಲದೆ ಆರಾಮವಾಗಿ ಓದಬೇಕೆಂದರೆ ಸುಮಾರು 8000ದಿಂದ 9000 ಪದ ಕುಟುಂಬ ಗೊತ್ತಿರಬೇಕು ಅಂತ ನ್ಯೂಜಿಲೆಂಡಿನ ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಒಂದು ಕುಟುಂಬ ಅಂದರೆ ಒಂದು ಪದ, ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ. ತಿಂಗಳಲ್ಲಿ ಅಷ್ಟು ಯಾರಿಗೂ ಆಗುವುದಿಲ್ಲ. ಆದರೆ ಸಣ್ಣ ಓದು ವ್ಯರ್ಥ ಅಂತ ಅದರ ಅರ್ಥ ಅಲ್ಲ. ಓದಿದ್ದು ಸರಿಯಾಗಿ ತಲೆಗೆ ಹೋಗಬೇಕಾದರೆ ನೂರರಲ್ಲಿ 98 ಪದ ಮೊದಲೇ ಗೊತ್ತಿರಬೇಕು ಅಂತಲೂ ಅವರದೇ ಇನ್ನೊಂದು ಅಧ್ಯಯನ 2000ದಲ್ಲಿ ಹೇಳಿತು. ಐವತ್ತು ಪದಕ್ಕೆ ಒಂದೇ ಹೊಸ ಪದ. ನಾವು ಶಾಲೆಯಲ್ಲಿ ಓದಿದ ಪಾಠಗಳಲ್ಲಿ ಸಾಲಿಗೆ ಮೂರು ಹೊಸ ಪದ ಇರುತ್ತಿದ್ದವು, ಅದಕ್ಕೇ ಓದು ಅಂದರೆ ಡಿಕ್ಷನರಿ ತೆರೆಯುವುದು ಅಂತ ತಿಳಿದುಕೊಂಡೆವು. ದೊಡ್ಡಣ್ಣ ಹೇಳಿದ ರೇಡಿಯೋ ಕೂಡ ಇದೇ ದಾರಿ. ಅದು ವಾಯ್ಸ್ ಆಫ್ ಅಮೆರಿಕ ರೇಡಿಯೋದ ಸ್ಪೆಷಲ್ ಇಂಗ್ಲಿಷ್ ಅನ್ನುವ ಕಾರ್ಯಕ್ರಮ ಇರಬೇಕು. 1959ರಲ್ಲಿ ಶುರುವಾಯಿತು. ಸುಮಾರು 1500 ಪದ ಮಾತ್ರ, ಚಿಕ್ಕ ವಾಕ್ಯ, ಮಾಮೂಲಿ ವೇಗದ ಮೂರರಲ್ಲಿ ಎರಡು ಪಾಲು. ಮೈಕೆಲ್ ವೆಸ್ಟ್ ಅಂತ ಒಬ್ಬರು ಬಂಗಾಳದಲ್ಲಿ ಪಾಠ ಹೇಳುವಾಗ ಮಕ್ಕಳ ಕಷ್ಟ ನೋಡಿ, ಕಡಿಮೆ ಪದಗಳಲ್ಲೇ ಕಥೆಗಳನ್ನು ತಿರುಗಿ ಬರೆದರು. ಕಲಿಯುವವರಿಗೆ ಮೊದಲು ಬೇಕಾದ 2000 ಪದಗಳ ಅವರ ಪಟ್ಟಿ 1953ರಲ್ಲಿ ಬಂತು. ಅಂದರೆ ಸುಲಭವಾದದ್ದನ್ನು ಜಾಸ್ತಿ ಓದುವುದು ಹಳೆಯ, ಚೆನ್ನಾಗಿ ನೋಡಿದ ದಾರಿ. ಫಿಜಿಯ ಹಳ್ಳಿ ಶಾಲೆಗಳಲ್ಲಿ 1980ರ ಸುಮಾರಿಗೆ ತರಗತಿಗೆ 250 ಕಥೆ ಪುಸ್ತಕ ಕೊಟ್ಟು ನೋಡಿದರು, ಬರೀ ಪಠ್ಯಪುಸ್ತಕ ಓದಿದ ಮಕ್ಕಳಿಗಿಂತ ಆ ಮಕ್ಕಳು ಬೇಗ ಮುಂದೆ ಹೋದರು.

ದೊಡ್ಡಣ್ಣ: ಹೌದಾ, 1959ರಾ! ಅಪ್ಪ, ಕೇಳಿದಿರಾ?

ಅತ್ತೆ: ನೋಡು, ವಿಜ್ಞಾನಿಗಳು ಹೇಳಿದ್ದಾರೆ ಅಂದೆನಲ್ಲ.

ಅಣ್ಣ: ಅದಲ್ಲ ಅತ್ತೆ. ಓದು ಉಪಯೋಗ ಅನ್ನುವುದು ಬೇರೆ, 30 ದಿನದಲ್ಲಿ ಸರಾಗ ಅನ್ನುವುದು ಬೇರೆ. ಮತ್ತೆ ಓದಿದ ಮಾತ್ರಕ್ಕೆ ಮಾತು ಬರಲ್ಲ. ಕೆನಡಾದಲ್ಲಿ ಇಂಗ್ಲಿಷ್ ಮನೆಯ ಮಕ್ಕಳಿಗೆ ವರ್ಷಗಟ್ಟಲೆ ಪಾಠವನ್ನೆಲ್ಲ ಫ್ರೆಂಚಿನಲ್ಲೇ ಮಾಡಿದರು. ಕೇಳಿದ್ದು, ಓದಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು. ಮಾತಾಡುವಾಗ, ಬರೆಯುವಾಗ ತಪ್ಪು ಉಳಿದೇ ಇತ್ತು. ಅಲ್ಲಿನ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಇದನ್ನೇ ಬರೆದರು.

ಇಲ್ಲಿ ಅಣ್ಣ ಸರಿ. ಅವನು ಕೇಳುವ ರೀತಿ ಒರಟು, ಅದಕ್ಕೆ ಎಲ್ಲರಿಗೂ ಕೋಪ ಬರುತ್ತದೆ, ಆದರೆ ವಿಷಯ ಸರಿ ಇರುತ್ತದೆ. ಓದಿದ್ದು ಬಾಯಿಗೆ ಬರಬೇಕಾದರೆ ಬಾಯಿ ತೆರೆಯಲೇಬೇಕು. ತೆರೆಯಲು ಬಿಡಬೇಕು, ಅಲ್ವಾ.

ಆಗ ದೊಡ್ಡಪ್ಪ ಚಿಕ್ಕಮ್ಮನ ಪ್ರಶ್ನೆ ನೋಡಿದರು.

ದೊಡ್ಡಪ್ಪ: ನೋಡಮ್ಮ, ಗಾನ್ ಆಫ್ ಎಂದರೆ ಹೊರಟುಹೋಗಿದೆ. ಅಂದರೆ ಹಾಲು ಖಾಲಿ. ಹ್ಯಾಡ್ ಗಾನ್, ಪಾಸ್ಟ್ ಪರ್ಫೆಕ್ಟ್. ಇದಕ್ಕೇ ವ್ಯಾಕರಣ ಬೇಕು ಎನ್ನುವುದು.

ಅಣ್ಣ: ದೊಡ್ಡಪ್ಪ, ಖಾಲಿ ಅಲ್ಲ. ಹಾಲು ಕೆಟ್ಟಿದೆ ಅಂತ ಅರ್ಥ.

ದೊಡ್ಡಪ್ಪ: ಎಲ್ಲಿದೆ ಹಾಗೆ?

ಅಣ್ಣ: ಈಗ ನೀವೂ ಸೋರ್ಸ್ ಕೇಳಿದಿರಿ, ಸಂತೋಷ. ಡಿಕ್ಷನರಿ ನೋಡಿ. ಅವತ್ತು ಚಿಕ್ಕಮ್ಮನ ತಪ್ಪು ಎಲ್ಲರೆದುರು ತಿದ್ದಿದಿರಲ್ಲ, ಇವತ್ತು ನಿಮ್ಮದನ್ನು ಯಾರು ತಿದ್ದುತ್ತಾರೆ?

ಅದು ಬೇಕಿರಲಿಲ್ಲ. ಹೇಳಿಯೂ ಆಯಿತು.

ಅವತ್ತಿನ ಕಥೆ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಮೂರು ವರ್ಷದ ಹಿಂದೆ ಒಂದು ಸಮಾರಂಭಕ್ಕೆ ಬರಲಾಗದೆ ಚಿಕ್ಕಮ್ಮ ಇಂಗ್ಲಿಷಿನಲ್ಲಿ ಬರೆದಿದ್ದರು, "ಐ ಡಿಡ್ ನಾಟ್ ಕೇಮ್, ಐ ಹ್ಯಾಡ್ ಫೀವರ್." ದೊಡ್ಡಪ್ಪ ಅದರ ಕೆಳಗೆ ಬರೆದರು, "ಡಿಡ್ ನಾಟ್ ಕಮ್. ಡಿಡ್ ಬಂದ ಮೇಲೆ ಕೇಮ್ ಬರುವುದಿಲ್ಲ." ಅಷ್ಟೇ. ಬೈದಿರಲಿಲ್ಲ. ಅವರಿಗೆ ಅದು ಅಭ್ಯಾಸ, ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದ ಕೈ. ಆದರೆ ಜ್ವರ ಹೇಗಿದೆ ಅಂತ ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಯಾರೋ ಇಬ್ಬರು ನಗುವ ಮುಖ ಹಾಕಿದರು. ಆಮೇಲೆ ಚಿಕ್ಕಮ್ಮ ಗುಂಪಿನಲ್ಲಿ ಒಂದು ಪದವೂ ಇಂಗ್ಲಿಷಿನಲ್ಲಿ ಬರೆಯಲಿಲ್ಲ. ಹುಟ್ಟುಹಬ್ಬಕ್ಕೂ ಕೈಮುಗಿಯುವ ಚಿತ್ರ ಮಾತ್ರ.

ಜಗಳ ಜೋರಾಯಿತು. ಅತ್ತೆ ಅಣ್ಣನಿಗೆ ಹಿರಿಯರ ಜೊತೆ ಹೇಗೆ ಮಾತಾಡಬೇಕು ಅಂತ ಹೇಳಿದರು. ಅಣ್ಣ ನೀವೇ ಶುರು ಮಾಡಿದ್ದು ಅಂದ. ದೊಡ್ಡಣ್ಣ ಮತ್ತೆ ರೇಡಿಯೋ ತಂದರು, ಯಾರೂ ಹಿಡಿದುಕೊಳ್ಳಲಿಲ್ಲ. ದೊಡ್ಡಪ್ಪ ಬರೆಯುತ್ತಿದ್ದಾರೆ ಅಂತ ಮೇಲೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಏನೂ ಬರಲಿಲ್ಲ.

ಚಿಕ್ಕಮ್ಮ: ಭಾವ ಹೇಳಿದ ಹಾಗೇ ನನಗೂ ಅನ್ನಿಸಿತ್ತು. ಅದರಲ್ಲಿ ತಪ್ಪೇನಿಲ್ಲ, ಬಿಡಿ.

ರಾತ್ರಿ ನನಗೊಬ್ಬಳಿಗೇ ಚಿಕ್ಕಮ್ಮನಿಂದ ಒಂದು ವಾಯ್ಸ್ ಮೆಸೇಜು ಬಂತು. 19 ಸೆಕೆಂಡು. ಆ ಐದು ವಾಕ್ಯ ಓದಿದ್ದರು. ದನಿ ಸಣ್ಣದು, ಹಿಂದೆ ನಲ್ಲಿ ನೀರು ಬೀಳುವ ಸದ್ದು, ಯಾರಿಗೂ ಕೇಳಬಾರದು ಅಂತಲೇ ನಲ್ಲಿ ಬಿಟ್ಟಿದ್ದರೋ ಏನೋ. 'ವೆಂಟ್' ಚೆನ್ನಾಗಿ ಹೇಳುತ್ತಿದ್ದರು, 'ಆಫ್' ಬಂದಾಗೆಲ್ಲ ಒಂದು ಕ್ಷಣ ತಡೆಯುತ್ತಿದ್ದರು. ಕೊನೆಯಲ್ಲಿ, "ಮೂರು ಸಲವೂ ಅನುಮಾನ ಕಣೆ. ಒಂದೊಂದೇ ಪದ ಗೊತ್ತು, ಸೇರಿದರೆ ಗೊತ್ತಾಗಲ್ಲ."

ನಾನು ಕೂಡಲೇ ಫೋನ್ ಮಾಡಿದೆ. ಅಲಾರ್ಮ್ ವೆಂಟ್ ಆಫ್ ಅಂದರೆ ಅಲಾರಂ ಹೊಡೆಯಿತು. ಹಾಲು ವೆಂಟ್ ಆಫ್ ಅಂದರೆ ಕೆಟ್ಟಿತು. ಲೈಟು ವೆಂಟ್ ಆಫ್ ಅಂದರೆ ಆರಿತು. ಒಂದು ಕಡೆ ಸದ್ದು ಶುರುವಾಗುತ್ತದೆ, ಇನ್ನೊಂದು ಕಡೆ ಬೆಳಕು ನಿಲ್ಲುತ್ತದೆ, ಪದ ಮಾತ್ರ ಅದೇ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ 'ಹೊಡೆ' ಇದ್ದ ಹಾಗೆ" ಅಂದರು. ಗಂಟೆ ಹೊಡೆಯುತ್ತದೆ, ಬಿಸಿಲು ಹೊಡೆಯುತ್ತದೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಊಟ ಆದ ಮೇಲೆ ನಿದ್ದೆ ಹೊಡೆಯುತ್ತೇವೆ. ಕನ್ನಡ ಕಲಿಯುವವರು ಯಾರನ್ನು ಯಾರು ಹೊಡೆದರು ಅಂತ ಹುಡುಕಬೇಕು. ಇಬ್ಬರೂ ತುಂಬಾ ನಕ್ಕೆವು. ನಾನು ಗುಂಪಿನಲ್ಲಿ ಹಾಕಿದ ಲೆಕ್ಕಗಳಿಗಿಂತ ಚಿಕ್ಕಮ್ಮನ ಈ ಒಂದು ಮಾತು ದೊಡ್ಡದು, ಇದನ್ನು ಮನಸಾರೆ ಹೇಳುತ್ತಿದ್ದೇನೆ. ಪದ ಎಣಿಸುವ ಪಟ್ಟಿಯಲ್ಲಿ ವೆಂಟ್ ಇರುತ್ತದೆ, ಆಫ್ ಇರುತ್ತದೆ. ಎರಡೂ ಸೇರಿದಾಗ ಏನಾಗುತ್ತದೆ ಅನ್ನುವುದು ಇಂಥ ಮನೆಮಟ್ಟದ ಓದಿನಲ್ಲೇ ಸಿಗುವುದು. ಬೆಳಿಗ್ಗೆ ಏಳುವುದು, ಫ್ರಿಡ್ಜ್ ತೆರೆಯುವುದು, ಬಸ್ಸಿಗೆ ಕಾಯುವುದು, ಬೀಗದ ಕೈ ಕಳೆಯುವುದು. ದಿನಾ ಮಾಡುವ ಕೆಲಸವಾದ್ದರಿಂದ ಮುಂದೇನು ಅಂತ ಊಹಿಸಬಹುದು, ಗೊತ್ತಿಲ್ಲದ್ದು ಆ ಊಹೆಯಲ್ಲೇ ಕೂತುಕೊಳ್ಳುತ್ತದೆ.

ಆಮೇಲೆ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. ದಿನಾ ಒಂದು ಓದು, ಆರೇಳು ವಾಕ್ಯಕ್ಕಿಂತ ಜಾಸ್ತಿ ಬೇಡ. ಎರಡು ಸಲ ಮನಸ್ಸಿನಲ್ಲಿ, ಒಂದು ಸಲ ಜೋರಾಗಿ. ಮಾರನೇ ದಿನ ಹೊಸದು ತೆರೆಯುವ ಮೊದಲು ಹಿಂದಿನದನ್ನು ನೋಡದೆ ಹೇಳುವುದು. ಆಮೇಲೆ ಅದೇ ಸಾಲಿನಲ್ಲಿ ತಮ್ಮ ಮನೆಯ ಸಂಗತಿ ಹಾಕಿ ಒಂದೆರಡು ವಾಕ್ಯ ಬರೆಯುವುದು. ತಪ್ಪು ಬಂದರೆ ನಾನು ತಿದ್ದಿದ ವಾಕ್ಯವನ್ನೇ ನನ್ನ ಉತ್ತರದಲ್ಲಿ ಸೇರಿಸುತ್ತೇನೆ, ಬೇರೆ ಏನೂ ಹೇಳುವುದಿಲ್ಲ. ಅವರೇ ಗಮನಿಸುತ್ತಾರೆ. ಮೂರನೇ ದಿನ "ಐ ಡಿಡ್ ನಾಟ್ ಸ್ಲೆಪ್ಟ್" ಅಂತ ಬಂತು. "ಓಹ್, ಯು ಡಿಡ್ ನಾಟ್ ಸ್ಲೀಪ್? ವೈ?" ಅಂತ ಕೇಳಿದೆ. ಎರಡು ನಿಮಿಷದಲ್ಲಿ ಅವರೇ ಸರಿ ಮಾಡಿ ಮತ್ತೆ ಕಳಿಸಿದರು. ವ್ಯಾಕರಣ ಬೇಡ ಅಂತ ನಾನು ಹೇಳುವುದಿಲ್ಲ, ದೊಡ್ಡಪ್ಪನ ಮಾತಿನಲ್ಲಿ ಸತ್ಯ ಇದೆ. ಯಾರ ಮುಂದೆ, ಯಾವಾಗ, ಯಾವ ದನಿಯಲ್ಲಿ ಅನ್ನುವುದಷ್ಟೇ ನನ್ನ ತಕರಾರು.

ಗುಂಪು ಅಷ್ಟರಲ್ಲಿ ಬೇರೆ ಫಾರ್ವರ್ಡಿಗೆ ಹೋಗಿತ್ತು. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಆ ಓದುಗಳನ್ನು ಹಾಕುತ್ತಲೇ ಇದ್ದರು, ಯಾರೂ ಏನೂ ಹೇಳುತ್ತಿರಲಿಲ್ಲ.

ಒಂಬತ್ತನೇ ದಿನ ಅತ್ತೆ ಹಾಕಿದ್ದರ ಕೆಳಗೆ ಚಿಕ್ಕಮ್ಮನ ಹೆಸರು ಕಂಡಿತು. ಮೂರು ವರ್ಷದ ಮೇಲೆ ಗುಂಪಿನಲ್ಲಿ ಇಂಗ್ಲಿಷ್.

ಚಿಕ್ಕಮ್ಮ: ಮೈ ಅಲಾರ್ಮ್ ವೆಂಟ್ ಆಫ್ ಅಟ್ ಫೈವ್. ಐ ಡಿಡ್ ನಾಟ್ ಗೆಟ್ ಅಪ್.

ಮೇಲೆ ದೊಡ್ಡಪ್ಪ ಬರೆಯುತ್ತಿದ್ದಾರೆ ಅಂತ ಬಂತು. ನಿಂತಿತು. ಮತ್ತೆ ಬಂತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ದೊಡ್ಡಪ್ಪ: ಯಾಕಮ್ಮ, ಹುಷಾರಿಲ್ವಾ?